ಹನ್ನೊಂದನೆಯ ಕಲ್ಲಿನ ಹೆಸರು

“ಅಮ್ಮಾ, ಬಚ್ಚಪ್ಪ ತಾತ ಯಾಕೆ ಕಲ್ಲನ್ನ ಹಿಡ್ಕೊಂಡು ‘ನೀನ್ಯಾರವ್ವ’ ಅಂತ ಕೇಳ್ತೈತೆ?”

ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಮಾಲಾ ಕೇಳಿದಳು. “ತಲೆ ಅಲ್ಲಾಡಿಸ್ಬೇಡ” ಎಂದೆ. ಉತ್ತರ ಗೊತ್ತಿತ್ತು. ಆರು ವರ್ಷದವಳಿಗೆ ಹೇಳುವಂಥದ್ದಲ್ಲ.

ಬಚ್ಚಪ್ಪ ನಮ್ಮ ಎದುರು ಮನೆಯವರು. ತೊರಪಲ್ಲಿ ಅಗ್ರಹಾರದ ಆಚೆ ಅವರ ರಾಗಿ ಹೊಲವಿತ್ತು. ಆ ಮನೆತನದಲ್ಲಿ ಯಾರು ಸತ್ತರೂ ಅಲ್ಲೇ ಮಣ್ಣು ಮಾಡಿ, ತಲೆಯ ಕಡೆ ಒಂದು ಕಾಡುಗಲ್ಲು ನೆಡುತ್ತಿದ್ದರು. ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಮಹಾಲಯ ಅಮಾವಾಸ್ಯೆಯ ದಿನ ಬಚ್ಚಪ್ಪ ಹುಣಸೆ ಬುಡದಿಂದ ಹೊರಡುತ್ತಿದ್ದರು. ಅಲ್ಲಿ ಅಜ್ಜ, ಬಾವಿಯ ಕಡೆ ಇಳಿದರೆ ಅಜ್ಜಿ, ಹೊಂಗೆಯ ನೆರಳಲ್ಲಿ ಅಪ್ಪ. ಹೀಗೆ ನಡೆಯುತ್ತಾ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಎಡೆ ಇಡುವುದು. ಹೆಸರು ಕೂಗದೆ ಇಟ್ಟ ಎಡೆ ಸತ್ತವರಿಗೆ ಸೇರುವುದಿಲ್ಲ, ಹಸಿದೇ ತಿರುಗುತ್ತಾರೆ ಎಂದು ಅವರ ನಂಬಿಕೆ.

ಮೂರು ವರ್ಷದ ಹಿಂದೆ ಹೊಲ ಕಾರ್ಖಾನೆಗೆ ಹೋಯಿತು. ಬಚ್ಚಪ್ಪ ಕಣ್ಣಿನ ಆಪರೇಷನ್‌ಗೆಂದು ಕೃಷ್ಣಗಿರಿಯಲ್ಲಿದ್ದಾಗಲೇ ಜೆಸಿಬಿ ಬಂತು. ತಮ್ಮನ ಮಗ ಮುನೀಂದ್ರ ಗಡಿಬಿಡಿಯಲ್ಲಿ ಕಲ್ಲುಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹಾಕಿಕೊಂಡು ಬಂದ. ಸುಣ್ಣ ಬಳಿದು ಹಿತ್ತಿಲ ಗೋಡೆಗೆ ನಿಲ್ಲಿಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

“ಒಂದೂ ಬಿಟ್ಟಿಲ್ಲ ದೊಡ್ಡಪ್ಪ, ಹನ್ನೊಂದೂ ಅವೆ. ಇಸ್ಕೂಲ್ ಮಕ್ಳಂಗೆ ಲೈನಾಗಿ ನಿಲ್ಸಿವ್ನಿ ನೋಡು.”

“ಯಾವ್ದು ಯಾರ್ದ್ಲಾ?”

ಮುನೀಂದ್ರ ತಲೆ ಕೆರೆದುಕೊಂಡ. “ಎಲ್ಲಾ ನಮ್ಮೋರ್ದೇ ಅಲ್ವಾ?”

ಹೋದ ವರ್ಷ ಬಚ್ಚಪ್ಪ ತಡವರಿಸುತ್ತಾ ಹನ್ನೊಂದೂ ಹೆಸರು ಮುಗಿಸಿದರು. ನಿನ್ನೆ ಅಮಾವಾಸ್ಯೆಗೆ ಹತ್ತಕ್ಕೇ ನಿಂತರು. ಬಾರದೆ ಹೋದದ್ದು ತಂಗಿಯ ಹೆಸರು. ಐದು ವರ್ಷಕ್ಕೇ ಜ್ವರ ಬಂದು ಹೋದ ಮಗು. ಫೋಟೋ ಇಲ್ಲ, ಯಾವ ಕಾಗದದಲ್ಲೂ ಇಲ್ಲ. ಆ ಹೆಸರು ಬಲ್ಲವರಲ್ಲಿ ಉಳಿದಿದ್ದವರು ಇವರೊಬ್ಬರೇ. ವರ್ಷಕ್ಕೊಮ್ಮೆ ಇವರು ಕೂಗುತ್ತಿದ್ದುದನ್ನು ಮನೆಯವರು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

“ಒಂದ್ ಹೆಸ್ರಿಗ್ ಇಷ್ಟು ಗೋಳಾ ಮಾವ? ಎಲ್ಲಾರ್ಗೂ ಅಂತ ಒಟ್ಗೆ ಅಂದ್ಬುಡಿ, ಸಾರು ಆರೋಗ್ತೈತೆ” ಎಂದಳು ಮುನೀಂದ್ರನ ಹೆಂಡತಿ ಗಂಗಾದೇವಿ. ಬಚ್ಚಪ್ಪ ಊಟಕ್ಕೆ ಕೂರಲಿಲ್ಲ. ಅವರಿಗೆ ಅರಳುಮರಳು, ಡಾಕ್ಟರಿಗೆ ತೋರಿಸಬೇಕು ಎಂದು ಮನೆಯಲ್ಲಿ ಮಾತಾಯಿತು.

ಅರಳುಮರಳಲ್ಲ. ನಲವತ್ತು ವರ್ಷದ ಹಿಂದೆ ಯಾವ ಎತ್ತನ್ನು ಯಾರಿಂದ ಕೊಂಡರೆಂದು ಈಗಲೂ ಹೇಳುತ್ತಾರೆ. ನಾನೇ ಎಷ್ಟೋ ಸಲ ಅಡುಗೆಮನೆಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ನಿಲ್ಲುತ್ತೇನೆ. ಎದ್ದುಬಂದ ಜಾಗಕ್ಕೆ ಮರಳಿದರೆ ಸಾಕು, ನೆನಪಾಗಿಬಿಡುತ್ತದೆ. ಅವರಿಗೆ ಮರಳುವ ಜಾಗವೇ ಇಲ್ಲ. ಹೊಂಗೆಯಿದ್ದ ಕಡೆಯೆಲ್ಲ ಈಗ ಕಾರ್ಖಾನೆಯ ಬೈಕ್ ಶೆಡ್ಡು. ನಾನು ಅಲ್ಲೇ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು. ಯಾರ ಎದೆಯ ಮೇಲೆ ದಿನಾ ಸ್ಕೂಟಿ ನಿಲ್ಲಿಸುತ್ತೇನೋ ಗೊತ್ತಿಲ್ಲ.

ಇವತ್ತು ಸಂಜೆ ಶಿಫ್ಟ್ ಮುಗಿಸಿ ಬಂದಾಗ ಬಚ್ಚಪ್ಪ ನಮ್ಮ ಜಗುಲಿಯ ಮೇಲೆ ಕೂತಿದ್ದರು. ನೀರು ಕೊಟ್ಟೆ, ಕುಡಿಯಲಿಲ್ಲ.

“ಹೊಂಗೆ ದಾಟಿ ಎಡಕ್ಕೆ ತಿರುಗುದ್ರೆ ಸಾಕು, ಅವಳ ಹೆಸ್ರು ತಾನಾಗೇ ಬಾಯಿಗ್ ಬತ್ತಿತ್ತು ಕಣವ್ವ.”

“ಅಲ್ಲೀಗ ಬರೀ ಸಿಮೆಂಟು ತಾತ. ಮರ ಇಲ್ಲ, ಬಾವೀನೂ ಇಲ್ಲ. ಗೇಟಲ್ಲಿ ನನ್ನೇ ಕಾರ್ಡ್ ತೋರ್ಸು ಅಂತಾರೆ.”

“ಇರ್ಲಿ. ನಿನ್ ಜತೆ ಒಂದ್ ದಪ ಒಳಕ್ ಬಿಡ್ಸವ್ವ. ಏನೂ ಮುಟ್ಟಲ್ಲ. ಆ ಕಡೆಯಿಂದ ಈ ಕಡೆಗೆ ನಡ್ಕೊಂಡ್ ಬತ್ತೀನಿ, ಅಷ್ಟೇಯ.”