ಅವ್ವನ ಕಣ್ಣು, ಅಪ್ಪನ ಪಾಪ

ನಿಜಾಮರ ಆಳಿಕೆಯ ಕಾಲದಲ್ಲಿ ಕಮಲಾಪುರದಲ್ಲಿ ಕ್ರಿಸ್ತನನ್ನು ನಂಬಿದ ಮನೆಗಳು ನಾಲ್ಕೈದು. ಅದರಲ್ಲಿ ನಮ್ಮದೂ ಒಂದು. ಅಪ್ಪ ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ. ಕ್ರೈಸ್ತ ಸಭೆಗೆ ಸೇರುವ ಮುಂಚೆ ವಿಪರೀತ ಸೇಂದಿ ಕುಡಿಯುತ್ತಿದ್ದನಂತೆ. ನಾನು ಕಂಡಂತೆ ಒಂದು ಹನಿ ಮುಟ್ಟಿದವನಲ್ಲ.

ನನ್ನ ಮದುವೆಯ ಮಾತು ನಡೆದಿದ್ದ ವರ್ಷ ಅವ್ವನಿಗೆ ಕಣ್ಣುಬೇನೆ ಬಂತು. ಕೀವು ಸೋರಿ ಸೋರಿ ಎರಡೂ ಗುಡ್ಡೆ ಬೆಳ್ಳಗಾದವು. ಹಳೆಯ ದೇವರನ್ನು ಬಿಟ್ಟಿದ್ದಕ್ಕೆ ಹೀಗಾಯಿತು ಎಂದು ಓಣಿಯವರು ಅಂದರು. ಮುಚ್ಚಿಟ್ಟ ಪಾಪ ಏನೋ ಇರಬೇಕು ಎಂದು ನಮ್ಮ ಸಭೆಯವರು ಅಂದರು. ಇದು ಶಿಕ್ಷೆಯೇ ಎಂದು ಎರಡು ಕಡೆಯವರೂ ಒಂದೇ ಮಾತು ಆಡಿದ್ದು ಅದೊಂದೇ ಸಲ. ಅಪ್ಪನಿಗೆ ಅದು ನಾಟಿತು. "ನಾ ಕುಡದ ಪಾಪ ನಿನಗ ಬಡದದ" ಎಂದು ಊಟ ಬಿಟ್ಟ.

ಅವ್ವ ರೇಗಿದಳು. "ನೀವು ಕುಡದ್ರ ದೇವರು ನನ್ನ ಕಣ್ಣು ಯಾಕ ತೊಗೋತಾನ್ರಿ? ಅಷ್ಟು ಸುದ್ದಾ ತಿಳಿಯಂಗಿಲ್ಲೇನು ಅಂವಗ?"

ಮೂವರೂ ಬಂಡಿಯಲ್ಲಿ ಕಲಬುರಗಿಯ ದವಾಖಾನೆಗೆ ಹೋದೆವು. ಡಾಕ್ಟರು ರೆಪ್ಪೆ ಎತ್ತಿ ನೋಡಿ, ನೋವು ಇಳಿಯಲು ಮದ್ದು ಕೊಟ್ಟು, ನೋಟ ಬರುವುದಿಲ್ಲ ಎಂದರು. ಅಲ್ಲಿ ರೋಗಿಗಳಿಗೆ ಬೈಬಲ್ ಓದಿ ಹೇಳುವ ವಯಸ್ಸಾದ ಹೆಂಗಸೊಬ್ಬರಿದ್ದರು. ಎಲ್ಲರೂ ಅಕ್ಕೋರು ಅನ್ನುತ್ತಿದ್ದರು. ಅಪ್ಪ ತನ್ನ ಕುಡಿತದ ಕತೆಯೆಲ್ಲ ಅವರ ಮುಂದೆ ಹೇಳಿ, ಶಿಕ್ಷೆ ತನ್ನ ಕಡೆ ತಿರುಗಲಿ ಎಂದು ಪ್ರಾರ್ಥನೆ ಮಾಡಿರಿ ಎಂದ. ಅಕ್ಕೋರು ಹುಟ್ಟುಕುರುಡನ ಕತೆ ಓದಿದರು. ಇವನು ಕುರುಡನಾದದ್ದು ಯಾರ ಪಾಪಕ್ಕೆ, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಅನ್ನುತ್ತಾನೆ ಯೇಸು.

"ಮತ್ತ ಇಕಿಗ್ಯಾಕ ಹಿಂಗಾತ್ರಿ?" ಅಂದ ಅಪ್ಪ.

"ಅದು ನನಗೂ ಗೊತ್ತಿಲ್ಲ ತಮ್ಮಾ. ನಿನ್ನ ಪಾಪಕ್ಕಂತ ಮಾತ್ರ ನಾ ಹೇಳಂಗಿಲ್ಲ."

"ಆ ಕುರುಡಗ ಕಣ್ಣು ಬಂದ್ವೇನ್ರಿ?" ಎಂದು ಅವ್ವ ಕೇಳಿದಳು.

"ಬಂದ್ವು."

"ನನಗ ಬರಂಗಿಲ್ಲ ಅಂದಾರ ಡಾಕ್ಟರು."

ಅಕ್ಕೋರು ಪುಸ್ತಕ ಮುಚ್ಚಿ ಅವ್ವನ ಕೈ ಹಿಡಿದುಕೊಂಡರು.

ಅವತ್ತು ಸ್ಟೇಶನ್ ಬಜಾರದ ಸಾಬರ ಊಟದಂಗಡಿಯಲ್ಲಿ ಅಪ್ಪ ಹೊಟ್ಟೆ ತುಂಬ ಉಂಡ. ಊರಿಗೆ ಬಂದ ಮೇಲೆ ನೀರು ತರುವ ಕೆಲಸ ತಾನೇ ವಹಿಸಿಕೊಂಡ. ಗಂಡಸಾಗಿ ಕೊಡ ಹೊರುತ್ತಾನೆ ಎಂದು ಜನ ನಕ್ಕರು. ಅವ್ವ ರೊಟ್ಟಿ ಬಡಿಯುವುದು ಬಿಡಲಿಲ್ಲ. ಹಂಚಿನ ಮೇಲೆ ಅಂಗೈ ಹಿಡಿದು ಕಾವು ನೋಡಿ ಹಾಕುತ್ತಿದ್ದಳು. ಸಭೆಯ ಹಿರಿಯರು ಮತ್ತೆ ಪಾಪದ ಮಾತೆತ್ತಿದಾಗ ಅಪ್ಪ, "ಕಲಬುರಗಿ ಅಕ್ಕೋರಿಗೇ ಗೊತ್ತಿಲ್ಲ, ನಿಮಗ ಹ್ಯಾಂಗ ಗೊತ್ತಾತ್ರಿ?" ಅಂದ.

ಆದರೂ ಅಕ್ಕೋರ ಮಾತನ್ನು ಅವನು ಪೂರ್ತಿ ನಂಬಿದನೆಂದು ನಾನು ಹೇಳಲಾರೆ. ಅವ್ವ ಎಡವಿದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲ, ನಾನೂ ಹೇಳಲಿಲ್ಲ.