ಸೊಸೈಟಿ ಮೀಟಿಂಗಿನ ವಿಮರ್ಶೆ

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ನಮ್ಮ ಮೇಲಿನ ಮನೆಯಾಕೆ ನೌಕರಿ ಬಿಟ್ಟು ಪತ್ರಿಕೆಗಳಿಗೆ ನಾಟಕ, ನೃತ್ಯಗಳ ವಿಮರ್ಶೆ ಬರೆಯುತ್ತಿದ್ದರು. ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಮೆಟ್ಟಿಲಿಳಿಯುವರು. ಯಾವ ಪ್ರದರ್ಶನದ ಬಗ್ಗೆ ಕೇಳಿದರೂ ಒಂದೇ ಮಾತು: “ನಟನೆ ಅಂತ ಗೊತ್ತಾಗಬಾರದು, ನೋಡಿ.”

ಒಮ್ಮೆ ಸಂಪಾದಕರೊಬ್ಬರು, ಬರಹ ಹಿಡಿಸಿದರೆ ವಾರದ ಅಂಕಣವನ್ನೇ ಕೊಡುವುದಾಗಿ ಹೇಳಿ, ಕಲ್ಯಾಣದ ಪ್ರಾಯೋಗಿಕ ನಾಟಕವೊಂದಕ್ಕೆ ಕಳಿಸಿದರು. ಲೋಕಲ್ ರೈಲು ತಡವಾಯಿತು. ಓಡೋಡಿ ಹೋದವರು ತಪ್ಪಿ ಪಕ್ಕದ ಹಾಲ್‌ಗೆ ನುಗ್ಗಿದರು. ಅಲ್ಲಿ ಹೌಸಿಂಗ್ ಸೊಸೈಟಿಯೊಂದರ ವಾರ್ಷಿಕ ಸಭೆ ನಡೆದಿತ್ತು. ಇವರು ಅದನ್ನೇ ನಾಟಕವೆಂದುಕೊಂಡು ಕೊನೆಯವರೆಗೂ ನೋಡಿ ಬರೆದರು: ಸೋರುವ ಛಾವಣಿಗಾಗಿ ಕೂಗಾಡಿದ ಅಜ್ಜಿಯದು ಅಮೋಘ ಅಭಿನಯ, ಸೆಕ್ರೆಟರಿಯ ಪಾತ್ರಧಾರಿ ಮಾತ್ರ ತೀರಾ ಕೃತಕ.

ಸಂಪಾದಕರು ಮೆಚ್ಚಿ ಅಂಕಣ ಕೊಟ್ಟೇಬಿಟ್ಟರು. ವಿಮರ್ಶೆ ಅಚ್ಚಾದ ಮೂರನೆಯ ದಿನ ಪೇಪರ್ ಹಿಡಿದು, ವಿಳಾಸ ಹುಡುಕಿಕೊಂಡು ಆ ಸೆಕ್ರೆಟರಿಯೇ ಬಂದರು, ಉಡುಪಿ ಕಡೆಯವರು. ಅದು ನಿಜವಾದ ಮೀಟಿಂಗ್ ಎಂದು ತಿಳಿದಾಗ ಇವರ ಮುಖ ಬಿಳಿಚಿತು. ಜಗಳವಾದೀತೆಂದು ನಾನೂ ಮೇಲೆ ಓಡಿದೆ.

ಆತ ತಗ್ಗಿದ ದನಿಯಲ್ಲಿ ಕೇಳಿದರು, “ಮಾರಾಯ್ರೆ, ನಾನು ಎಲ್ಲಿ ತಪ್ಪಿದ್ದು? ಮುಂದಿನ ಮೀಟಿಂಗಿಗೆ ಸರಿ ಮಾಡ್ತೇನೆ.”

ಇವರು ಕುರ್ಚಿ ಎಳೆದು ಕೂರಿಸಿದರು. “ಛಾವಣಿ ಸೋರುವುದೇ ಇಲ್ಲ ಅಂದ್ರಿ. ಒಮ್ಮೆಯಾದ್ರೂ ಅದನ್ನ ನೋಡಿದವರ ಹಾಗೆ ಕಾಣಿಸಲಿಲ್ಲ.”

ಆ ಸಂಜೆಯೇ ಸೆಕ್ರೆಟರಿ ಅಜ್ಜಿಯ ಮನೆಗೆ ಹೋಗಿ ತಲೆಯೆತ್ತಿ ನಿಂತರಂತೆ. ಮೊದಲ ಹನಿ ನೇರ ಕನ್ನಡಕದ ಮೇಲೆ ಬಿತ್ತಂತೆ.