ಅಧ್ಯಕ್ಷರು ಚಾಚಿದ ಕೈ

ನಮ್ಮ ನರ್ಸುಗಳ ಸಂಘದ ಅಧ್ಯಕ್ಷೆ ಮಂಡ್ಯದಲ್ಲಿ ಡ್ಯೂಟಿ ಮುಗಿಸಿ, ಬಿಳಿ ಕೋಟನ್ನು ಬ್ಯಾಗಿಗೆ ತುರುಕಿ, ಬಸ್ಸು ಹತ್ತಿ ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳನ್ನು ಸುತ್ತುತ್ತಿದ್ದರು. ಯಾರು ಕಷ್ಟ ಹೇಳಲು ಬಂದರೂ, "ಮೊದ್ಲು ಕೂತ್ಕೊ. ದಿನವೆಲ್ಲ ನಿಂತೇ ಇರ್ತೀಯ," ಎನ್ನುತ್ತಿದ್ದರು.

ನಾನಿನ್ನೂ ಈ ಕೆಲಸದಲ್ಲಿರುವುದು ಅವರಿಂದ. ಹಿಂದೆ ನಾನು ಮಳವಳ್ಳಿಯ ಆಸ್ಪತ್ರೆಯಲ್ಲಿದ್ದೆ. ವಾರ್ಡಿನಲ್ಲಿ ತೀರಿಕೊಂಡ ರೋಗಿಯೊಬ್ಬರ ಮಗ ನನ್ನ ಕೆನ್ನೆಗೆ ಹೊಡೆದಿದ್ದ. ಅಂದಿನಿಂದ ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಕೆಲಸ ಬಿಡುತ್ತೇನೆಂದು ಅವರಿಗೆ ಫೋನ್ ಮಾಡಿದೆ. ಅಂದೇ ಮಧ್ಯಾಹ್ನ ಬಂದೇಬಿಟ್ಟರು. ನನ್ನನ್ನು ಕೂರಿಸಿ, ಎದುರಿನ ಸ್ಟೂಲಿನಲ್ಲಿ ತಾವೂ ಕೂತು, ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದರು.

"ನಂಗೆ ಹಾಕು ಸೂಜಿಯ."

"ಬೇಡಿ ಅಕ್ಕ, ನೋವಾಗುತ್ತೆ."

"ಆಗ್ಲಿ ಬುಡು. ನಾನೇನು ಕೆನ್ನೆಗೆ ಹೊಡಿಯಕಿಲ್ಲ."

ನನಗೆ ನಗು ಬಂತು. ಮೊದಲ ಸಲ ರಕ್ತನಾಳ ತಪ್ಪಿ ಚರ್ಮ ಊದಿಕೊಂಡಿತು. ಅವರು ಮುಖ ಹಿಂಡಲಿಲ್ಲ. "ಇನ್ನೊಂದ್ ಕೈ ಐತೆ ಕಣಮ್ಮ," ಎಂದು ಅದನ್ನೂ ಚಾಚಿದರು. ಈ ಸಲ ಸೂಜಿಯ ಹಿಂಬದಿಯಲ್ಲಿ ರಕ್ತ ಕಾಣಿಸಿತು. ರಕ್ತನಾಳ ಸರಿಯಾಗಿ ಸಿಕ್ಕಿತ್ತು.

ಆಮೇಲೆ ಎರಡೂ ಕೈಗೆ ಹತ್ತಿ ಅಂಟಿಸಿಕೊಂಡೇ ಅವರು, ವಾರ್ಡಿಗೆ ಕಾವಲುಗಾರ ಬೇಕೆಂದು ಕೇಳಲು ವೈದ್ಯಾಧಿಕಾರಿಗಳ ಕೋಣೆಗೆ ನಡೆದರು. ನಾನು ಟ್ರೇ ಎತ್ತಿಕೊಂಡು, ಡ್ರಿಪ್ಪಿಗಾಗಿ ಕಾಯುತ್ತಿದ್ದ ಅಜ್ಜಿಯ ಹಾಸಿಗೆಯತ್ತ ಹೋದೆ.